ಚಿರತೆ ಬೆಕ್ಕು ಮತ್ತು ಸಾಲಮಾಂಡರ್: ಶಾಲೆ ಪ್ರಾಜೆಕ್ಟಿಗೆ ಸರಿಯಾಗಿ ಹೋಲಿಸೋದು ಹೇಗೆ

ಶಾಸ್ತ್ರ ಮೇಳ, ಅಂದ್ರೆ ಶಾಲೆಯ ವಿಜ್ಞಾನ ಮೇಳ, ಹತ್ತಿರ ಬಂತು ಅಂದ್ರೆ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಕನ್ನಡ ಮೀಡಿಯಂ ಶಾಲೆಗಳಲ್ಲಿ "ಎರಡು ಪ್ರಾಣಿಗಳ ಹೋಲಿಕೆ" ಅಂತ ಒಂದು ಚಾರ್ಟ್ ಆಗಿಯೇ ಆಗ್ತದೆ. ಎಡಗಡೆ ಒಂದು ಫೋಟೋ, ಬಲಗಡೆ ಒಂದು ಫೋಟೋ, ನಡುವೆ ಸ್ಕೆಚ್ ಪೆನ್ನಲ್ಲಿ ಒಂದು ಗೆರೆ, ಕೆಳಗೆ ಸಸ್ತನಿ–ಉಭಯವಾಸಿ, ಕೂದಲು ಉಂಟು–ಕೂದಲು ಇಲ್ಲ, ಮರಿ ಹಾಕ್ತದೆ–ಮೊಟ್ಟೆ ಇಡ್ತದೆ, ಮುಗೀತು. ಬರೆದದ್ದು ಒಂದೂ ಸುಳ್ಳಲ್ಲ, ಆದ್ರೆ ಓದಿದವರಿಗೆ ಎರಡು ಪ್ರಾಣಿ ಬೇರೆ ಬೇರೆ ಅಂತ ಬಿಟ್ರೆ ಬೇರೆಂತದೂ ಗೊತ್ತಾಗುದಿಲ್ಲ, ಅದು ಮೊದ್ಲೇ ಗೊತ್ತಿತ್ತಲ್ಲ. ಒಂದು ಪ್ರಶ್ನೆ ಇಟ್ಕೊಂಡು ಎರಡೂ ಪ್ರಾಣಿಗೆ ಅದೇ ಪ್ರಶ್ನೆ ಹಾಕಿದ್ರೆ ಮಾತ್ರ ಹೋಲಿಕೆಗೆ ಜೀವ ಬರ್ತದೆ. ಮಕ್ಕಳಿಗೂ, ರಾತ್ರಿ ಕೂತು ಚಾರ್ಟ್ ಮಾಡಿಸುವ ಅಪ್ಪ ಅಮ್ಮಂದಿರಿಗೂ ಉಪಯೋಗ ಆಗ್ಲಿ ಅಂತ, ಕಾಡಿನ ಒಂದು ಬೆಕ್ಕು ಮತ್ತು ಒಂದು ಸಾಲಮಾಂಡರನ್ನು (ನೋಡ್ಲಿಕ್ಕೆ ಹಲ್ಲಿಯ ಹಾಗೆ, ಆದ್ರೆ ಕಪ್ಪೆಯ ನೆಂಟ ಆದ ಉಭಯವಾಸಿ) ಹಿಡ್ಕೊಂಡು ಇದನ್ನು ಹೇಗೆ ಮಾಡ್ಬಹುದು ಅಂತ ಇಲ್ಲಿ ಬರೀತಾ ಇದ್ದೇನೆ.

ಮೊದಲು ಜೋಡಿ ಆರಿಸಿ

"ಕಾಡುಬೆಕ್ಕು" ಅಂತ ಬರೆದು ಬಿಡಬೇಡಿ. ಪ್ರಪಂಚದಲ್ಲಿ ಬೆಕ್ಕಿನ ಕುಟುಂಬದ್ದೇ ಸುಮಾರು 40 ಜಾತಿ ಉಂಟು, ಸಾಲಮಾಂಡರ್ ಅಂತೂ 700ಕ್ಕಿಂತ ಜಾಸ್ತಿ, ಅದ್ರಲ್ಲಿ ಚೀನಾದ ದೈತ್ಯ ಸಾಲಮಾಂಡರ್ ಮನುಷ್ಯನಷ್ಟು ಉದ್ದ, 1.8 ಮೀಟರ್ ತನಕ ಬೆಳೀತದೆ, ಕೆಲವು ನಮ್ಮ ಬೆರಳಿನಷ್ಟೂ ಇಲ್ಲ. ಆದ್ದರಿಂದ ಗುಂಪಿಗೆ ಗುಂಪು ಹೋಲಿಸಿದ್ರೆ ಎಲ್ಲಾ ವಾಕ್ಯಕ್ಕೂ "ಕೆಲವು", "ಸಾಮಾನ್ಯವಾಗಿ" ಅಂತ ಸೇರಿಸ್ತಾ ಹೋಗ್ಬೇಕಾಗ್ತದೆ. ಒಂದು ಜಾತಿಗೆ ಒಂದು ಜಾತಿ ಅಂತ ಗಟ್ಟಿ ಮಾಡಿ.

ನನ್ನ ಪ್ರಕಾರ ನಮ್ಮ ಮಕ್ಕಳಿಗೆ ಅತಿ ಒಳ್ಳೆ ಜೋಡಿ ಚಿರತೆ ಬೆಕ್ಕು ಮತ್ತು ಹಿಮಾಲಯದ ಸಾಲಮಾಂಡರ್. ಯಾಕೆ ಅಂದ್ರೆ ಚಿರತೆ ಬೆಕ್ಕು ನಮ್ಮ ಪಶ್ಚಿಮ ಘಟ್ಟದಲ್ಲೂ ಉಂಟು, ಕೊಡಗಿನ ಕಾಫಿ ತೋಟದಲ್ಲೂ ಉಂಟು, ಅಲ್ಲಿಂದ ದಾರ್ಜಿಲಿಂಗ್ ಗುಡ್ಡದಲ್ಲೂ ಉಂಟು, ಅದೇ ಜಾತಿ ರಷ್ಯಾದ ಅಮೂರ್ ನದಿ ಕಡೆ ಹಿಮ ಬೀಳುವ ಕಾಡಿನಲ್ಲೂ ಉಂಟು. ಸಾಲಮಾಂಡರ್ ಹಾಗಲ್ಲ, ಪೂರ್ವ ನೇಪಾಳ, ದಾರ್ಜಿಲಿಂಗ್ ಆಸುಪಾಸಿನ ತೇವದ ಗುಡ್ಡ ಬಿಟ್ಟು ಅತ್ತಿತ್ತ ಹೆಚ್ಚು ಹೋಗಿಲ್ಲ. ಒಂದೇ ಗುಡ್ಡದಲ್ಲಿ ಎರಡೂ ಸಿಗ್ತವೆ, ಆದ್ರೆ ಒಂದು ಕೇರಳದಿಂದ ರಷ್ಯಾ ತನಕ ಹರಡಿತು, ಇನ್ನೊಂದು ಅಲ್ಲೇ ಉಳೀತು. ಯಾಕೆ? ಇದೇ ನಿಮ್ಮ ಪ್ರಶ್ನೆ. ಚಾರ್ಟಿನ ಮೇಲೆ ದೊಡ್ಡಕ್ಷರದಲ್ಲಿ ಇದನ್ನೇ ಬರೀರಿ, ಉಳಿದ ಎಲ್ಲಾ ವಿಷಯ ಇದಕ್ಕೆ ಉತ್ತರ ಕೊಡುವ ಹಾಗೆ ಇರ್ಲಿ, ಉತ್ತರಕ್ಕೆ ಸಹಾಯ ಆಗದ ಮಾಹಿತಿ ಎಷ್ಟು ಚಂದ ಇದ್ರೂ ಬಿಟ್ಟುಬಿಡಿ.

ಕೆಲವು ಮಕ್ಕಳಿಗೆ ಆಕ್ಸೊಲಾಟಲ್ ಅನ್ನುವ ಸಾಲಮಾಂಡರೇ ಬೇಕು, ಯೂಟ್ಯೂಬಲ್ಲಿ ನೋಡಿರ್ತಾರೆ, ನಗುವ ಮುಖ, ಗುಲಾಬಿ ಬಣ್ಣದ ಕಿವಿರು. ಅದು ಅದ್ಭುತ ಪ್ರಾಣಿ, ಕಾಲು ತುಂಡಾದ್ರೆ ಮೂಳೆ ಸಮೇತ ವಾಪಸ್ ಬೆಳೆಸ್ತದೆ, 2018ರಲ್ಲಿ ಅದ್ರ ಜೀನೋಮ್, ಅಂದ್ರೆ ಡಿಎನ್‌ಎ ಪೂರ್ತಿ, ಓದಿ ಮುಗಿಸುವಾಗ ಮನುಷ್ಯನದ್ದಕ್ಕಿಂತ ಸುಮಾರು ಹತ್ತು ಪಟ್ಟು ದೊಡ್ಡದು ಅಂತ ಗೊತ್ತಾಯ್ತು. ಆದ್ರೆ ಅದು ಇಡೀ ಜೀವನ ಮರಿಯ ರೂಪದಲ್ಲೇ ನೀರಲ್ಲಿ ಕಳೀತದೆ, ಯಾರೂ ಸಾಕದೆ ಸಹಜವಾಗಿ ಉಳಿದಿರುವುದು ಮೆಕ್ಸಿಕೋ ನಗರದ ಸೊಚಿಮಿಲ್ಕೊ ಕಾಲುವೆಗಳಲ್ಲಿ ಮಾತ್ರ. ನೆಲದ ಮೇಲೆ ನಡೆಯುವ ಬೆಕ್ಕಿನ ಜೊತೆ ಹೋಲಿಸ್ಲಿಕ್ಕೆ ನೆಲಕ್ಕೂ ಬರುವ ಸಾಲಮಾಂಡರೇ ಒಳ್ಳೇದು.

ಹೆಸರು, ಫೋಟೋ

ಇದು ಬೇಗ ಮುಗಿಯುವ ಕೆಲಸ, ಆದ್ರೆ ಹೆಚ್ಚು ಎಡವಟ್ಟು ಆಗುದು ಇಲ್ಲೇ. ಶಾಸ್ತ್ರೀಯ ಹೆಸರು ಬರೀಲೇಬೇಕು, ಅದೂ ಈಗಿನ ಹೆಸರು. ದಾರ್ಜಿಲಿಂಗಿನ ಸಾಲಮಾಂಡರಿಗೆ ಹಳೇ ಪುಸ್ತಕದಲ್ಲಿ ಟೈಲೊಟ್ರೈಟನ್ ವೆರುಕೋಸಸ್ ಅಂತ ಇರ್ತದೆ, 1871ರಲ್ಲಿ ಚೀನಾದ ಯುನ್ನಾನಿನ ಪ್ರಾಣಿ ನೋಡಿ ಆಂಡರ್ಸನ್ ಅನ್ನುವವರು ಇಟ್ಟ ಹೆಸರು ಅದು. 2015ರಲ್ಲಿ ನೇಪಾಳದ ಕಡೆಯದ್ದನ್ನು ಬೇರೆ ಜಾತಿ ಅಂತ ಗುರುತಿಸಿ ಟೈಲೊಟ್ರೈಟನ್ ಹಿಮಾಲಯಾನಸ್ ಅಂದ್ರು, ದಾರ್ಜಿಲಿಂಗಿನದ್ದನ್ನೂ ಈಗ ಇದಕ್ಕೇ ಸೇರಿಸ್ತಾರೆ. ಬೆಕ್ಕಿಗೂ ಹಾಗೇ ಆಯ್ತು, ಪ್ರಿಯೊನೈಲ್ಯುರಸ್ ಬೆಂಗಾಲೆನ್ಸಿಸ್ ಅಂತ ಒಂದೇ ಇದ್ದದ್ದು, ಬೆಕ್ಕಿನ ಜಾತಿಗಳ 2017ರ ಪಟ್ಟಿಯಲ್ಲಿ ಜಾವಾ, ಸುಮಾತ್ರಾ, ಬೋರ್ನಿಯೊ ಕಡೆಯ ಬೆಕ್ಕುಗಳನ್ನು ಬೇರೆ ಜಾತಿ ಮಾಡಿದ್ರು. ಹಾಗಾಗಿ ಯಾವ ಪುಸ್ತಕದಿಂದ ಮಾಹಿತಿ ತೆಗೀತೀರೋ ಅದು ಯಾವ ವರ್ಷದ್ದು ಅಂತ ನೋಡಿ.

ಇನ್ನು ಫೋಟೋ. ನಮ್ಮಲ್ಲಿ ತೋಟದಲ್ಲಿ ರಾತ್ರಿ ಕಾಣುವ ಪುನುಗು ಬೆಕ್ಕನ್ನೂ ಕಾಡುಬೆಕ್ಕು ಅಂತಲೇ ಹೇಳ್ತಾರೆ, ಅದು ಬೆಕ್ಕಿನ ಕುಟುಂಬವೇ ಅಲ್ಲ. ಮೂತಿ ಚೂಪಾಗಿ ಮುಂದೆ ಬಂದಿದ್ರೆ, ಬಾಲ ಮೈಯಷ್ಟೇ ಉದ್ದ ಇದ್ರೆ ಅದು ಪುನುಗು. ಚಿರತೆ ಬೆಕ್ಕಿನ ಮುಖ ದುಂಡಗೆ, ಹಣೆಯಿಂದ ಕುತ್ತಿಗೆ ಕಡೆಗೆ ಕಪ್ಪು ಪಟ್ಟೆ, ಕಿವಿಯ ಹಿಂದೆ ಕಪ್ಪಿನ ಮಧ್ಯೆ ಒಂದು ಬಿಳಿ ಚುಕ್ಕೆ. ಕಿವಿಯ ಹಿಂಭಾಗ ಕಾಣುವ ಫೋಟೋ ಹುಡುಕಿ, ಊರಿನ ಬೆಕ್ಕಿಗೂ ಇದಕ್ಕೂ ವ್ಯತ್ಯಾಸ ಅಲ್ಲಿ ಪಕ್ಕಾ ಗೊತ್ತಾಗ್ತದೆ.

ಸಾಲಮಾಂಡರ್ ಅಂತ ವಾಟ್ಸಾಪಲ್ಲಿ ಬರುವ ಫೋಟೋಗಳಲ್ಲಿ ಹೆಚ್ಚಿನದ್ದು ನಮ್ಮ ಅರಣೆ. ಮಳೆಗಾಲದಲ್ಲಿ ಜಗಲಿ ಬದಿಯಲ್ಲಿ ಮಿರಮಿರ ಹೊಳೀತಾ ಓಡುದು ನೋಡಿ "ಇದು ಸಾಲಮಾಂಡರಾ?" ಅಂತ ಕೇಳುವವರು ಪ್ರತಿ ವರ್ಷ ಇರ್ತಾರೆ. ಅಲ್ಲ. ಅರಣೆ ಮೈಮೇಲೆ ಹುರುಪೆ ಉಂಟು, ಕಾಲಿನಲ್ಲಿ ಉಗುರು ಉಂಟು, ತಲೆಯ ಬದಿಯಲ್ಲಿ ಕಿವಿಯ ತೂತು ಉಂಟು, ಮುಂಗಾಲಲ್ಲಿ ಐದು ಬೆರಳು. ಹಿಮಾಲಯದ ಸಾಲಮಾಂಡರಿಗೆ ಹುರುಪೆ ಇಲ್ಲ, ಉಗುರು ಇಲ್ಲ, ಕಿವಿ ತೂತು ಇಲ್ಲ, ಕಂದು ಮೈ, ಬೆನ್ನಿನ ಎರಡೂ ಬದಿಗೆ ಸಾಲಾಗಿ ಗಂಟು ಗಂಟು, ಆ ಗಂಟಿನಲ್ಲಿ ವಿಷದ ಗ್ರಂಥಿ ಇರ್ತದೆ, ಹಾವೋ ಹಕ್ಕಿಯೋ ಕಚ್ಚಿದ್ರೆ ಬಾಯಿಗೆ ಅದೇ ಸಿಗುದು. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ತರದ ವೆಬ್‌ಸೈಟಲ್ಲಿ ಫೋಟೋ ಎಲ್ಲಿ ತೆಗೆದದ್ದು ಅಂತಲೂ ಇರ್ತದೆ, ಅಲ್ಲಿಂದ ತೆಗೊಳ್ಳಿ, ಫೋಟೋ ತೆಗೆದವರ ಹೆಸರು ಕೆಳಗೆ ಬರೀರಿ.

ಅಳತೆ ಮತ್ತು ಚಿತ್ರ

ಎರಡನ್ನೂ ಒಂದೇ ಕ್ರಮದಲ್ಲಿ ಅಳೀಬೇಕು. ಒಂದಕ್ಕೆ ಬಾಲ ಸೇರಿಸಿ ಇನ್ನೊಂದಕ್ಕೆ ಬಾಲ ಬಿಟ್ಟು ಬರೆದ್ರೆ ಲೆಕ್ಕ ಹಾಳು. ಬೆಕ್ಕಿಗೆ ಮೂಗಿನ ತುದಿಯಿಂದ ಬಾಲದ ಬುಡದ ತನಕ, ಸಾಲಮಾಂಡರಿಗೆ ಮೂತಿಯಿಂದ ಮಲದ್ವಾರದ ತನಕ, ಹಾಗೆ ಅಳೆಯುದು ರೂಢಿ. ಚಿರತೆ ಬೆಕ್ಕು ಬಾಲ ಬಿಟ್ಟು ಸುಮಾರು 40ರಿಂದ 65 ಸೆಂ.ಮೀ., ಬೆಚ್ಚಗಿನ ದೇಶಗಳಲ್ಲಿ ತೂಕ 4 ಕೆ.ಜಿ. ಒಳಗೆ, ರಷ್ಯಾ ಕಡೆಯದ್ದು 7 ಕೆ.ಜಿ. ತನಕ ಹೋಗ್ತದೆ. ಸಾಲಮಾಂಡರ್ ಬಾಲ ಸೇರಿಸಿದ್ರೂ 15 ಸೆಂ.ಮೀ. ಆಸುಪಾಸು, ಕಂಪಾಸ್ ಬಾಕ್ಸಿನ ಸ್ಕೇಲಿನಷ್ಟು.

ಎರಡು ಚಾರ್ಟ್ ಪೇಪರ್ ಅಂಟಿಸಿ ನಿಜವಾದ ಸೈಜಲ್ಲೇ ಚಿತ್ರ ಬಿಡಿಸಿ, ಇದನ್ನು ಮಾತ್ರ ತಪ್ಪಿಸಬೇಡಿ. ಫೋಟೋ ಅಂಟಿಸಿದ್ರೆ ಎರಡೂ ಒಂದೇ ಗಾತ್ರ ಕಾಣ್ತದೆ, ನೋಡುವವರ ತಲೆಯಲ್ಲಿ ಅದೇ ಉಳೀತದೆ. ನಿಜ ಸೈಜಲ್ಲಿ ಬಿಡಿಸಿದ್ರೆ ಚಿಕ್ಕ ಮೈಗೆ ಅದ್ರ ತೂಕಕ್ಕೆ ಹೋಲಿಸಿದ್ರೆ ಚರ್ಮ ಎಷ್ಟು ಜಾಸ್ತಿ ಅಂತ ವಿವರಿಸ್ಲಿಕ್ಕೂ ಸುಲಭ, ಅದು ಮುಂದೆ ಬೇಕಾಗ್ತದೆ.

ಬಿಡಿಸುವಾಗ ಕಾಲಿನ ಬೆರಳು ಎಣಿಸಿ. ಬೆಕ್ಕಿನ ಮುಂಗಾಲಲ್ಲಿ ಐದು, ಹಿಂಗಾಲಲ್ಲಿ ನಾಲ್ಕು. ಸಾಲಮಾಂಡರಿನ ಮುಂಗಾಲಲ್ಲಿ ನಾಲ್ಕು, ಹಿಂಗಾಲಲ್ಲಿ ಐದು. ಸರೀ ಉಲ್ಟಾ! ಇದನ್ನು ಪುಸ್ತಕ ನಂಬಿ ಬರೀಬೇಕು ಅಂತ ಇಲ್ಲ, ಮನೆ ಬೆಕ್ಕು ಮಲಗಿರುವಾಗ ಮೆಲ್ಲ ಮುಂಗಾಲು ನೋಡಿ, ಒಳಬದಿಯಲ್ಲಿ ನೆಲಕ್ಕೆ ತಾಗದೆ ಸ್ವಲ್ಪ ಮೇಲೆ ಒಂದು ಉಗುರು ಇರ್ತದೆ, ಅದೇ ಐದನೇದು, ಹಿಂಗಾಲಲ್ಲಿ ಅದು ಇರುದಿಲ್ಲ. ಸಾಲಮಾಂಡರ್ ನಮ್ಮಲ್ಲಿ ಇಲ್ಲ, ಆದ್ರೆ ಅದ್ರ ನೆಂಟ ಕಪ್ಪೆ ಉಂಟಲ್ಲ, ಮಳೆಗಾಲದ ರಾತ್ರಿ ಬಚ್ಚಲಿನ ಕಿಟಕಿ ಗಾಜಿಗೆ ಹೊರಗಿಂದ ಮರಗಪ್ಪೆ ಅಂಟಿಕೊಂಡಿರ್ತದೆ, ಒಳಗೆ ಲೈಟ್ ಹಾಕಿ ಹೊಟ್ಟೆ ಕಡೆಯಿಂದ ನೋಡಿದ್ರೆ ಮುಂದೆ ನಾಲ್ಕು ಹಿಂದೆ ಐದು ಬೆರಳು ಸ್ಪಷ್ಟ ಕಾಣ್ತದೆ, ಗಂಟಲು ಪಟಪಟ ಅಂತ ಬಡಿಯುದೂ ಕಾಣ್ತದೆ. ಮುಟ್ಲಿಕ್ಕೆ ಹೋಗ್ಬೇಡಿ, ನಮ್ಮ ಕೈಯ ಉಪ್ಪು, ಸೋಪು, ಸೊಳ್ಳೆ ಕ್ರೀಮ್ ಎಲ್ಲಾ ಅದ್ರ ಚರ್ಮದೊಳಗೆ ಹೋಗ್ತದೆ.

ಬೆರಳಿನ ಸಂಖ್ಯೆ ಬೇರೆ ಆದ್ರೂ ಕಾಲಿನ ಮೂಳೆಯ ಪ್ಲಾನ್ ಒಂದೇ: ಮೇಲೆ ಒಂದು ಮೂಳೆ, ಕೆಳಗೆ ಎರಡು, ಮತ್ತೆ ಮಣಿಕಟ್ಟಿನ ಸಣ್ಣ ಸಣ್ಣ ಮೂಳೆ, ಬೆರಳು. ನಮ್ಮ ಕೈ ಕೂಡ ಹಾಗೇ. ಬೆಕ್ಕು, ಸಾಲಮಾಂಡರ್ ಇಬ್ಬರ ಪೂರ್ವಜರೂ ಬೇರೆ ದಾರಿ ಹಿಡಿದು ಸುಮಾರು 35 ಕೋಟಿ ವರ್ಷ ಆಯ್ತು, ಆದ್ರೂ ಈ ಪ್ಲಾನ್ ಬದಲಾಗಿಲ್ಲ. ಸಾಮ್ಯ ಬರೀರಿ ಅಂದ್ರೆ "ಎರಡಕ್ಕೂ ನಾಲ್ಕು ಕಾಲು, ಒಂದು ಬಾಲ" ಅಂತ ನಿಲ್ಲಿಸದೆ ಇದನ್ನು ಚಿತ್ರ ಸಮೇತ ತೋರಿಸಿ.

ಬಿಸಿ ಮತ್ತು ತೇವ

ಈಗ ನಿಜವಾದ ವಿಷಯ, ಇದಕ್ಕೆ ಚಾರ್ಟಲ್ಲಿ ಅರ್ಧ ಜಾಗ ಇಡಿ. ಎರಡೂ ಪ್ರಾಣಿಗೆ ಮೂರೇ ಮೂರು ಪ್ರಶ್ನೆ ಹಾಕಿ: ಮೈ ಬಿಸಿ ಎಲ್ಲಿಂದ ಬರ್ತದೆ? ನೀರು ಹೇಗೆ ಒಳಗೆ ಹೋಗ್ತದೆ, ಹೇಗೆ ಹೊರಗೆ ಹೋಗ್ತದೆ? ಉಸಿರು ಎಲ್ಲಿಂದ?

ಬೆಕ್ಕಿನ ಮೈ ಬಿಸಿ ಹಗಲೂ ರಾತ್ರಿ 38 ಡಿಗ್ರಿ ಆಸುಪಾಸು. ಹೊರಗೆ ಹಿಮ ಬೀಳ್ಲಿ, ಸೆಕೆ ಇರ್ಲಿ, ಒಳಗೆ ಅದು ಅಷ್ಟೇ. ಈ ಬಿಸಿ ತಿಂದ ಊಟ ಉರಿದು ಬರುದು, ಹಾಗಾಗಿ ಅದಕ್ಕೆ ವರ್ಷಪೂರ್ತಿ ಬೇಟೆ ಬೇಕು, ಇಲಿ, ಹಕ್ಕಿ, ಓತಿ, ದೊಡ್ಡ ಹುಳ, ಸಿಕ್ಕಿದ್ದೆಲ್ಲ. ನೀರಿನ ವಿಷಯದಲ್ಲಿ ಬೆಕ್ಕು ಬಹಳ ಜಿಪುಣ, ತಿಂದ ಮಾಂಸದಿಂದಲೇ ತುಂಬ ನೀರು ಸಿಗ್ತದೆ, ಮೂತ್ರಪಿಂಡ ಮೂತ್ರವನ್ನು ಗಟ್ಟಿ ಮಾಡಿ ಹೊರಗೆ ಬಿಡ್ತದೆ, ಕೂದಲು ಚರ್ಮ ಒಣಗದ ಹಾಗೆ ಕಾಪಾಡ್ತದೆ. ಉಸಿರು ಪೂರಾ ಶ್ವಾಸಕೋಶದಿಂದ, ಹೃದಯಕ್ಕೆ ನಾಲ್ಕು ಕೋಣೆ, ಒಳ್ಳೆ ರಕ್ತ ಕೆಟ್ಟ ರಕ್ತ ಸೇರುದಿಲ್ಲ, ಅಷ್ಟು ಊಟ ಉರಿಸ್ಲಿಕ್ಕೆ ಅಷ್ಟು ಆಮ್ಲಜನಕ ಬೇಕಲ್ಲ.

ಸಾಲಮಾಂಡರ್ ಮೈ ಬಿಸಿ ಅಂದ್ರೆ ಅದು ಕೂತ ಜಾಗದ ಬಿಸಿ. ಊಟ ಉರಿಸಿ ಮೈ ಕಾಯಿಸುವ ಕೆಲಸ ಇಲ್ಲ, ಆದ್ದರಿಂದ ಒಂದೇ ತೂಕದ ಸಸ್ತನಿಗೂ ಸಾಲಮಾಂಡರಿಗೂ ಹೋಲಿಸಿದ್ರೆ ಸಾಲಮಾಂಡರಿನ ಖರ್ಚು ಹತ್ತರಲ್ಲಿ ಒಂದು ಭಾಗವೂ ಇಲ್ಲ. ನಾಲ್ಕು ಎರೆಹುಳ, ಒಂದಿಷ್ಟು ಕೀಟ ಸಿಕ್ರೆ ಬಹಳ ದಿನ ಸಾಕು. ನೀರು ಬಾಯಿಂದ ಕುಡಿಯುದಲ್ಲ, ಚರ್ಮದಿಂದ ಹೀರುದು. ಉಸಿರೂ ಸ್ವಲ್ಪ ಶ್ವಾಸಕೋಶದಿಂದ, ಸ್ವಲ್ಪ ಚರ್ಮದಿಂದ. ಅಮೆರಿಕ ಕಡೆ ಶ್ವಾಸಕೋಶವೇ ಇಲ್ಲದ ಸಾಲಮಾಂಡರ್ ಕುಟುಂಬ ಉಂಟು, ಪೂರಾ ಚರ್ಮ ಮತ್ತು ಬಾಯಿಯ ಒಳಪದರದಲ್ಲೇ ಉಸಿರಾಟ. ಹೃದಯಕ್ಕೆ ಮೂರು ಕೋಣೆ, ರಕ್ತ ಸ್ವಲ್ಪ ಮಿಕ್ಸ್ ಆದ್ರೂ ನಡೀತದೆ, ಯಾಕಂದ್ರೆ ಖರ್ಚು ಕಮ್ಮಿ. ಆದ್ರೆ ಚರ್ಮದಿಂದ ಉಸಿರಾಡ್ಬೇಕಾದ್ರೆ ಚರ್ಮ ತೆಳ್ಳಗೆ ಇರ್ಬೇಕು, ಒದ್ದೆ ಇರ್ಬೇಕು, ಅಂಥ ಚರ್ಮದಿಂದ ನೀರು ಆರಿ ಹೋಗುದನ್ನು ನಿಲ್ಲಿಸ್ಲಿಕ್ಕೂ ಆಗುದಿಲ್ಲ, ಅಂಗಳದಲ್ಲಿ ಹರಡಿದ ಒದ್ದೆ ಕರ್ಚೀಫ್ ದಪ್ಪ ಟವೆಲಿಗಿಂತ ಬೇಗ ಒಣಗುವ ಹಾಗೆ ಚಿಕ್ಕ ಮೈ ಬೇಗ ಒಣಗ್ತದೆ.

ಈಗ ಎರಡನ್ನೂ ಸೇರಿಸಿ ಓದಿ. ಬೆಕ್ಕು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು, ಊಟ ಸಿಗ್ಬೇಕು ಅಷ್ಟೆ. ಸಾಲಮಾಂಡರ್ ಊಟ ಇಲ್ಲದೆ ತಿಂಗಳು ಕಳೀಬಹುದು, ಆದ್ರೆ ತೇವದ ಜಾಗ ಬಿಟ್ಟು ಹೋಗುವ ಹಾಗಿಲ್ಲ. ಯಾವುದು ಮೇಲು ಯಾವುದು ಕೀಳು ಅಂತ ಇಲ್ಲಿ ಬರೀಬೇಡಿ, "ಸಾಲಮಾಂಡರ್ ಹಿಂದುಳಿದ ಪ್ರಾಣಿ" ಅಂತ ಕೆಲವು ಗೈಡ್ ಪುಸ್ತಕದಲ್ಲಿ ಇರ್ತದೆ, ಅದು ತಪ್ಪು. ಕಮ್ಮಿ ಖರ್ಚಲ್ಲಿ ಬದುಕುದು ಕೂಡ ದೊಡ್ಡ ಸಾಮರ್ಥ್ಯವೇ.

ವರ್ಷದ ಚಕ್ರ

ಒಂದು ದೊಡ್ಡ ವೃತ್ತ ಎಳೆದು ಹನ್ನೆರಡು ತಿಂಗಳು ಮಾಡಿ, ಒಳಗೆ ಸಾಲಮಾಂಡರ್, ಹೊರಗೆ ಬೆಕ್ಕು. ಚಳಿಗಾಲದಲ್ಲಿ ಸಾಲಮಾಂಡರ್ ಕಲ್ಲಿನಡಿ, ಬಿದ್ದ ಮರದಡಿ ಅಡಗಿ ಕೂರ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಮೊದಲ ಮಳೆ ಬಿದ್ದಾಗ ಹೊರಗೆ ಬಂದು ಗುಡ್ಡದ ಕೊಳಗಳಿಗೆ ಇಳೀತದೆ, ಮಳೆಗಾಲ ಪೂರ್ತಿ ಅಲ್ಲೇ. ನೀರಿನ ಗಿಡ, ಹುಲ್ಲಿಗೆ ಮೊಟ್ಟೆ ಅಂಟಿಸ್ತದೆ, ಮರಿಗೆ ತಲೆಯ ಬದಿಯಲ್ಲಿ ಗರಿಗರಿ ಕಿವಿರು, ಅದು ಕರಗಿ ನೆಲಕ್ಕೆ ಬರುವಷ್ಟು ಹೊತ್ತು ಕೊಳದಲ್ಲಿ ನೀರು ನಿಲ್ಬೇಕು. ಬೆಕ್ಕಿನ ಚಕ್ರದಲ್ಲಿ ಇಷ್ಟೆಲ್ಲ ಇಲ್ಲ, ರಾತ್ರಿ ಬೇಟೆ, ಹೆಣ್ಣು ಎರಡು ತಿಂಗಳು ಚಿಲ್ಲರೆ ಗರ್ಭ ಹೊತ್ತು ಸಾಮಾನ್ಯವಾಗಿ ಎರಡು ಮೂರು ಮರಿ ಹಾಕ್ತದೆ, ಹಾಲು ಕುಡಿಸಿ ಸಾಕ್ತದೆ.

ಮ್ಯಾಪ್ ಇಡಿ, ಆಗ ಬರುವ ಕಷ್ಟದ ಪ್ರಶ್ನೆ

ಏಷ್ಯಾದ ಔಟ್‌ಲೈನ್ ಮ್ಯಾಪಲ್ಲಿ ಎರಡು ಬಣ್ಣ ಹಾಕಿ. ಹಾಕಿದ ಕೂಡ್ಲೇ ಯಾರಾದ್ರೂ ಕೇಳಿಯೇ ಕೇಳ್ತಾರೆ: ತೇವ ಬೇಕು ಅಂದ್ರೆ ನಮ್ಮ ಕಾಸರಗೋಡಲ್ಲಿ ವರ್ಷಕ್ಕೆ 3,000 ಮಿ.ಮೀ. ಮೇಲೆ ಮಳೆ, ಇಲ್ಲಿ ಯಾಕೆ ಸಾಲಮಾಂಡರ್ ಇಲ್ಲ? ಬಹಳ ಒಳ್ಳೆ ಪ್ರಶ್ನೆ, ಉತ್ತರ ಎರಡು ಭಾಗದಲ್ಲಿ ಹೇಳಿ.

ಒಂದು, ಇತಿಹಾಸ. ಸಾಲಮಾಂಡರುಗಳು ಉತ್ತರ ಗೋಳಾರ್ಧದಲ್ಲಿ ಬೆಳೆದ ಗುಂಪು. ಭಾರತದ ನೆಲ ದಕ್ಷಿಣದ ಗೊಂಡ್ವಾನಾ ಅನ್ನುವ ಹಳೇ ಕಾಲದ ದೊಡ್ಡ ಭೂಖಂಡದಿಂದ ಕಳಚಿ ಬಂದು ಏಷ್ಯಾಕ್ಕೆ ತಾಗಿದ್ದು. ಹಿಮಾಲಯದ ಸಾಲಮಾಂಡರಿನ ಹತ್ತಿರದ ನೆಂಟರೆಲ್ಲ ಚೀನಾ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂನಲ್ಲಿ ಇರುದು, ಅಂದ್ರೆ ಇದು ಪೂರ್ವದಿಂದ ಬಂದ ಕುಟುಂಬ. ಎರಡು, ದಾರಿ. ದಾರ್ಜಿಲಿಂಗ್ ಗುಡ್ಡ ಇಳಿದು ನಮ್ಮ ಘಟ್ಟಕ್ಕೆ ಬರ್ಬೇಕಾದ್ರೆ ಮಧ್ಯದಲ್ಲಿ ಬೇಸಿಗೆಗೆ ಸುಡುವ ಬಯಲು ದಾಟ್ಬೇಕು, ಆ ಚರ್ಮ ಹಾಕ್ಕೊಂಡು ಅದು ಆಗುದಿಲ್ಲ.

ಇಲ್ಲೊಂದು ವಿಷಯ ಸೇರಿಸಿ, ಹೆಚ್ಚಿನವರಿಗೆ ಗೊತ್ತಿಲ್ಲ, ನನಗೆ ತುಂಬ ಇಷ್ಟ ಆದದ್ದು. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸಂಶೋಧಕರು ಕಾಡಿನಲ್ಲಿ ಬೆಕ್ಕುಗಳ ಹಿಕ್ಕೆ ಹೆಕ್ಕಿ, ಅದರ ಡಿಎನ್‌ಎ ನೋಡಿ 2010ರಲ್ಲಿ ಬರೆದ ಪ್ರಕಾರ, ಚಿರತೆ ಬೆಕ್ಕಿನ ಪಶ್ಚಿಮ ಘಟ್ಟದ ಬಳಗವೂ ಉತ್ತರದ ಬಳಗವೂ ಒಂದಕ್ಕೊಂದು ಬೇರೆಯಾಗಿವೆ, ಮಧ್ಯ ಭಾರತದ ಬೇಸಿಗೆಯ ಬಿಸಿಯೇ ಅಡ್ಡ ಇರಬೇಕು ಅಂತ. ಬಯಲಲ್ಲೂ ಬದುಕುವ ಜಂಗಲ್ ಕ್ಯಾಟ್, ಫೆಲಿಸ್ ಚಾಸ್, ಅದ್ರಲ್ಲಿ ಹಾಗೆ ತುಂಡು ಕಾಣ್ಲಿಲ್ಲ. ಅಂದ್ರೆ "ಬಿಸಿ ರಕ್ತದ ಪ್ರಾಣಿ ಎಲ್ಲಿ ಬೇಕಾದ್ರೂ ಹೋಗ್ತದೆ" ಅಂತ ನಾವು ಮೇಲೆ ಬರೆದದ್ದಕ್ಕೂ ಒಂದು ಮಿತಿ ಉಂಟು ಅಂತ ಆಯ್ತು. ಚಾರ್ಟಲ್ಲಿ ಇದನ್ನು ಅಡಗಿಸಬೇಡಿ, ಮ್ಯಾಪಲ್ಲಿ ಬೆಕ್ಕಿನ ಬಣ್ಣ ಹಾಕುವಾಗ ಮಧ್ಯ ಭಾರತದ ಜಾಗ ಖಾಲಿ ಬಿಡಿ.

ನಮ್ಮಲ್ಲಿ ಸಾಲಮಾಂಡರ್ ಇಲ್ಲ ಅಂತ ಬೇಜಾರು ಬೇಡ. ಉಭಯವಾಸಿಗಳಲ್ಲಿ ಮೂರು ಗುಂಪು, ಕಪ್ಪೆ, ಸಾಲಮಾಂಡರ್, ಮತ್ತೊಂದು ಸಿಸಿಲಿಯನ್. ಮೂರನೇದು ಪಶ್ಚಿಮ ಘಟ್ಟದ ಕಡೆ ಚೆನ್ನಾಗಿ ಉಂಟು, ಅಡಿಕೆ ತೋಟದಲ್ಲಿ ಗೊಬ್ಬರ ಹಾಕ್ಲಿಕ್ಕೆ ಮಣ್ಣು ಕೆದಕುವಾಗ ದೊಡ್ಡ ಎರೆಹುಳದ ಹಾಗೆ ಬಳೆ ಬಳೆ ಮೈಯ, ಕಾಲಿಲ್ಲದ, ಹೊಳೆಯುವ ಪ್ರಾಣಿ ಕಂಡ್ರೆ ಅದು ಇರ್ಬಹುದು. ಹಾವಿನ ಮರಿ ಅಂತ ಹೆದರಿ ಹಾರೆಯಲ್ಲಿ ಕೊಲ್ತಾರೆ, ದಯವಿಟ್ಟು ಬೇಡ, ವಿಷದ ಹಲ್ಲಿನ ಹಾವಲ್ಲ ಅದು, ಹುಳ ತಿಂದು ಮಣ್ಣಿನಲ್ಲೇ ಇರ್ತದೆ, ವಾಪಸ್ ಮಣ್ಣು ಮುಚ್ಚಿ ಬಿಡಿ. ಚಾರ್ಟಿನ ಮೂಲೆಯಲ್ಲಿ ಇದಕ್ಕೊಂದು ಚಿಕ್ಕ ಚಿತ್ರ ಕೊಡಿ.

ಅಪಾಯದ ಭಾಗ

"ಕಾಡು ನಾಶ" ಅಂತ ಎರಡಕ್ಕೂ ಒಂದೇ ವಾಕ್ಯ ಬರೀಬೇಡಿ, ಮೇಲಿನ ಉತ್ತರದಿಂದಲೇ ಇದೂ ಬರ್ಬೇಕು. ಸಾಲಮಾಂಡರಿಗೆ ಒಂದು ಕೊಳ ಮುಚ್ಚಿ ಮನೆ ಕಟ್ಟಿದ್ರೆ, ಅಥವಾ ಕೊಳಕ್ಕೆ ಮೀನು ಬಿಟ್ರೆ, ಅಲ್ಲಿನ ಬಳಗವೇ ಹೋಯ್ತು, ಬೇರೆ ಕಡೆ ನಡೆದು ಹೋಗ್ಲಿಕ್ಕೆ ಆಗುದಿಲ್ಲ. ದಾರ್ಜಿಲಿಂಗ್ ಜಿಲ್ಲೆಯ ಜೋರ್‌ಪೋಖ್ರಿಯಲ್ಲಿ 1985ರಲ್ಲಿ ಈ ಪ್ರಾಣಿಗೋಸ್ಕರವೇ ಒಂದು ಪುಟ್ಟ ಅಭಯಾರಣ್ಯ ಮಾಡಿದ್ದು ಅದಕ್ಕೇ. ಇನ್ನೊಂದು ಚರ್ಮದ ಕಾಯಿಲೆ, ಯುರೋಪಿನಲ್ಲಿ ಫೈರ್ ಸಾಲಮಾಂಡರುಗಳನ್ನು ರಾಶಿ ರಾಶಿ ಕೊಂದ ಶಿಲೀಂಧ್ರವನ್ನು 2013ರಲ್ಲಿ ಗುರುತಿಸಿದ್ರು, ಉಸಿರಾಡುವ ಚರ್ಮವನ್ನೇ ಅದು ತಿನ್ನುದು. ಸಾಕ್ಲಿಕ್ಕೆ ತಂದ ಹೊರದೇಶದ ಸಾಲಮಾಂಡರುಗಳನ್ನು ತೋಡಿಗೆ, ಕೆರೆಗೆ ಬಿಡ್ಬಾರ್ದು ಅನ್ನುದು ಇದಕ್ಕೆ.

ಬೆಕ್ಕು ತೋಟದಲ್ಲೂ ಬದುಕ್ತದೆ, ಇಲಿ ಇದ್ರೆ ಸಾಕು, ಹಾಗಾಗಿ ಅದ್ರ ಅಪಾಯ ರಸ್ತೆ, ಉರುಳು, ನಾಯಿ. ಮತ್ತೆ ಮರಿ ಎತ್ತಿಕೊಂಡು ಹೋಗುದು. ಪೊದೆ ಕಡಿಯುವಾಗ ಚುಕ್ಕೆ ಚುಕ್ಕೆ ಮರಿ ಸಿಕ್ರೆ ಪಾಪ ತಾಯಿ ಇಲ್ಲ ಅಂತ ಮನೆಗೆ ತರ್ತಾರೆ, ತಾಯಿ ಬೇಟೆಗೆ ಹೋಗಿರ್ತದೆ ಅಷ್ಟೆ. ಅಲ್ಲೇ ಬಿಟ್ಟು ದೂರ ಬನ್ನಿ, ಮರುದಿನವೂ ಹಾಗೇ ಇದ್ರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಎರಡೂ ಪ್ರಾಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಬರ್ತವೆ, ಹಿಡಿಯುದು ಸಾಕುದು ಅಪರಾಧ, ಪ್ರಾಜೆಕ್ಟಿಗೆ ಅಂತ ಹೇಳಿದ್ರೂ ಅಪರಾಧವೇ.

ಕೊನೆಗೆ ಚಾರ್ಟ್ ಎದುರು ನಿಂತು ಹೇಳುವ ಮಕ್ಕಳಿಗೆ: ಮ್ಯಾಪಿನಿಂದ ಶುರು ಮಾಡಿ, ಟೇಬಲಿನಿಂದ ಅಲ್ಲ. "ಇವೆರಡೂ ಈ ಒಂದೇ ಗುಡ್ಡದಲ್ಲಿ ಉಂಟು, ಆದ್ರೆ ಈ ಬಣ್ಣ ಇಲ್ಲಿಗೆ ನಿಂತಿದೆ, ಈ ಬಣ್ಣ ಅಲ್ಲಿ ತನಕ ಹೋಗಿದೆ" ಅಂತ ಬೆರಳಿಟ್ಟು ತೋರಿಸಿ, ಆಮೇಲೆ ಚರ್ಮ, ಆಮೇಲೆ ವರ್ಷದ ಚಕ್ರ. ಜಡ್ಜ್ ಮಧ್ಯದಲ್ಲಿ ಪ್ರಶ್ನೆ ಕೇಳಿದ್ರೆ ನಿಲ್ಲಿಸಿ ಉತ್ತರ ಕೊಡಿ, ಬಾಯಿಪಾಠ ಮಾಡಿದ್ದನ್ನು ಮೊದಲಿಂದ ಹೇಳ್ಲಿಕ್ಕೆ ಹೋಗ್ಬೇಡಿ. ಬೆರಳಿನ ಲೆಕ್ಕ ಮಾತ್ರ ನೀವೇ ಮೊದಲು ಹೇಳದೆ ಅವರಿಂದ ಎಣಿಸಿ ಹೇಳಿಸಿ, ನಿಜ ಸೈಜಿನ ಚಿತ್ರ ಇದ್ರೆ ಎಣಿಸ್ಲಿಕ್ಕೆ ಕಷ್ಟ ಇಲ್ಲ.